ಪೊಟ್ಟಣವೇ ಅರ್ಧ ಬೆಂಕಿ: ಸ್ವೀಡನ್ನಿನ ಸೋಲ್‌ಸ್ಟಿಕ್ಕನ್ ಕಡ್ಡಿಪೆಟ್ಟಿಗೆ

ಇಂದಿನ ಬೆಂಕಿಕಡ್ಡಿಯನ್ನು ಒರಟು ಗೋಡೆಗೆ ಎಷ್ಟು ಸಲ ಉಜ್ಜಿದರೂ ಅದು ಸಾಮಾನ್ಯವಾಗಿ ಹೊತ್ತಿಕೊಳ್ಳುವುದಿಲ್ಲ. ತುದಿಯ ಮದ್ದು ಪುಡಿಯಾಗಿ ಉದುರುತ್ತದೆ, ಗೋಡೆಯ ಮೇಲೊಂದು ಗೆರೆ ಉಳಿಯುತ್ತದೆ, ಅಷ್ಟೆ. ಅದೇ ಕಡ್ಡಿಯನ್ನು ಪೊಟ್ಟಣದ ಬದಿಯಲ್ಲಿರುವ ಕಂದು ಪಟ್ಟಿಗೆ ಒಮ್ಮೆ ಗೀರಿದರೆ ಸಾಕು, ಸರ್ರೆಂದು ಉರಿಯುತ್ತದೆ. ಪೊಟ್ಟಣ ನೀರಿಗೆ ಬಿದ್ದು ಆ ಪಟ್ಟಿ ಕರಗಿಹೋದರೆ ಒಳಗೆ ನಲವತ್ತು ಒಣಕಡ್ಡಿಗಳು ಉಳಿದಿದ್ದರೂ ಒಲೆ ಹೊತ್ತಿಸುವುದು ಕಷ್ಟ. ಕಡ್ಡಿಯ ಈ ಹಠ ಬೇಕೆಂದೇ ಇಟ್ಟದ್ದು. ಬೆಂಕಿ ಹೊತ್ತಿಸಲು ಬೇಕಾದ ಸಾಮಗ್ರಿಯಲ್ಲಿ ಅರ್ಧ ಮಾತ್ರ ಕಡ್ಡಿಯ ತುದಿಯಲ್ಲಿದೆ, ಉಳಿದರ್ಧ ಪೊಟ್ಟಣದ ಮೈಮೇಲಿದೆ.

ಕಡ್ಡಿಪೆಟ್ಟಿಗೆಯ ಹೊರಮೈಯ ಚಿತ್ರ, ಅಕ್ಷರ, ಬಣ್ಣಗಳ ಇತಿಹಾಸವನ್ನು ಅರಿಯಬೇಕಾದರೆ ಈ ರಸಾಯನದಿಂದಲೇ ಹೊರಡಬೇಕು ಎಂಬುದು ನನ್ನ ಅಭಿಪ್ರಾಯ. ಸಕ್ಕರೆಯ ಪೊಟ್ಟಣವನ್ನು ಮನೆಗೆ ತಂದೊಡನೆ ಡಬ್ಬಿಗೆ ಸುರಿದು ಹೊದಿಕೆಯನ್ನು ಎಸೆಯಬಹುದು. ಸೋಪಿನ ಹೊದಿಕೆಯ ಆಯುಷ್ಯ ಒಂದು ನಿಮಿಷ. ಕಡ್ಡಿಪೆಟ್ಟಿಗೆಯನ್ನು ಮಾತ್ರ ಕೊನೆಯ ಕಡ್ಡಿ ಮುಗಿಯುವವರೆಗೂ ಬಿಸಾಡುವಂತಿಲ್ಲ. ಹೀಗೆ ವಾರಗಟ್ಟಲೆ ಒಲೆಯ ಪಕ್ಕದಲ್ಲಿ ಉಳಿದು, ದಿನಕ್ಕೆ ಹಲವು ಸಲ ಕೈಗೆ ಬಂದು, ಅಂಗೈಯ ಅರ್ಧದಷ್ಟೂ ಇಲ್ಲದ ಜಾಗದಲ್ಲಿ ತನ್ನ ಗುರುತನ್ನು ಮತ್ತೆ ಮತ್ತೆ ತೋರಿಸುವ ಸರಕು ಮನೆಯಲ್ಲಿ ಇನ್ನೊಂದಿಲ್ಲ. ಸ್ವೀಡನ್ನಿನ ಸೋಲ್‌ಸ್ಟಿಕ್ಕನ್ ಎಂಬ ಬ್ರಾಂಡು ಆ ಅವಕಾಶವನ್ನು ಬಳಸಿಕೊಂಡ ಬಗೆ ಇಲ್ಲಿನ ವಿಷಯ. ಅದಕ್ಕೆ ಮೊದಲು ಅದರ ಪೂರ್ವಜರನ್ನು ನೋಡಬೇಕಾಗುತ್ತದೆ.

ಉಜ್ಜಿದರೆ ಹೊತ್ತಿಕೊಳ್ಳುವ ಕಡ್ಡಿಯನ್ನು ಮೊದಲು ಮಾರಾಟಕ್ಕೆ ತಂದವರು ಇಂಗ್ಲೆಂಡಿನ ಸ್ಟಾಕ್‌ಟನ್ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್. 1827ರಲ್ಲಿ ಅವರ ಅಂಗಡಿಯಲ್ಲಿ ಕಡ್ಡಿಗಳ ಜೊತೆಗೆ ಮಡಚಿದ ಒಂದು ತುಂಡು ಮರಳುಕಾಗದವನ್ನೂ ಕೊಡುತ್ತಿದ್ದರು. ಕಾಗದದ ಮಡಿಕೆಯೊಳಗೆ ಕಡ್ಡಿಯನ್ನಿಟ್ಟು ಒತ್ತಿ ಎಳೆಯಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ಶಾರ್ಲ್ ಸೋರಿಯಾ ಮದ್ದಿಗೆ ಬಿಳಿ ರಂಜಕವನ್ನು, ಎಂದರೆ ಬಿಳಿ ಫಾಸ್ಫರಸ್ಸನ್ನು, ಸೇರಿಸಿದರು. ಆ ಕಡ್ಡಿ ಗೋಡೆ, ಬೂಟಿನ ಅಟ್ಟೆ, ಮೇಜಿನ ಅಂಚು, ಎಲ್ಲಿ ಗೀರಿದರೂ ಹೊತ್ತಿಕೊಳ್ಳುತ್ತಿತ್ತು. ಜೇಬಿನಲ್ಲಿ ಒಂದಕ್ಕೊಂದು ಉಜ್ಜಿದರೂ ಹೊತ್ತಿಕೊಳ್ಳುತ್ತಿತ್ತು ಎನ್ನುವುದು ಅದರ ಒಂದು ತೊಂದರೆಯಾದರೆ, ಅದನ್ನು ತಯಾರಿಸುವವರ ಪಾಡು ಅದಕ್ಕಿಂತ ಘೋರವಾಗಿತ್ತು. ಬಿಳಿ ರಂಜಕದ ಆವಿಯನ್ನು ವರ್ಷಗಟ್ಟಲೆ ಉಸಿರಾಡಿದ ಕಾರ್ಮಿಕರಿಗೆ ಹಲ್ಲುನೋವಿನಿಂದ ಶುರುವಾಗಿ ದವಡೆಯ ಮೂಳೆಯೇ ಕೊಳೆಯುವ ರೋಗ ಬರುತ್ತಿತ್ತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯಲ್ಲಿ ಸುಮಾರು 1,400 ಹೆಂಗಸರು ಮತ್ತು ಹುಡುಗಿಯರು ಕೆಲಸ ನಿಲ್ಲಿಸಿ ಹೊರಬಂದಾಗ ಈ ರೋಗದ ಭಯವೂ ಅವರ ದೂರುಗಳ ಹಿನ್ನೆಲೆಯಲ್ಲಿತ್ತು. ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಬರ್ನ್ ನಗರದಲ್ಲಿ ರೂಪುಗೊಂಡದ್ದು 1906ರಷ್ಟು ತಡವಾಗಿ.

ಪರಿಹಾರವಾದರೋ ಅದಕ್ಕಿಂತ ಅರವತ್ತು ವರ್ಷ ಮೊದಲೇ ಹೊಳೆದಿತ್ತು. ರಂಜಕವನ್ನೂ ಅದನ್ನು ಉರಿಸುವ ರಾಸಾಯನಿಕವನ್ನೂ ಒಂದೇ ತುದಿಯಲ್ಲಿ ಬೆರೆಸುವ ಬದಲು ಎರಡನ್ನೂ ಬೇರ್ಪಡಿಸಿ, ರಂಜಕವನ್ನು ಗೀರುವ ಪಟ್ಟಿಯ ಮೇಲಿಡುವ ಉಪಾಯಕ್ಕೆ ಸ್ವೀಡನ್ನಿನ ರಸಾಯನ ವಿಜ್ಞಾನಿ ಗುಸ್ತಾವ್ ಎರಿಕ್ ಪಾಶ್ 1844ರಲ್ಲಿ ಪೇಟೆಂಟ್ ಪಡೆದರು. ಆದರೆ ಅವರ ಪಟ್ಟಿ ಬಾಳಿಕೆ ಬರಲಿಲ್ಲ, ಖರ್ಚೂ ಹೆಚ್ಚಾಯಿತು. ವೆಟ್ಟರ್ನ್ ಸರೋವರದ ದಕ್ಷಿಣ ದಂಡೆಯಲ್ಲಿರುವ ಯೋನ್‌ಶೋಪಿಂಗ್ ಪಟ್ಟಣದಲ್ಲಿ ಕಡ್ಡಿ ಕಾರ್ಖಾನೆ ನಡೆಸುತ್ತಿದ್ದ ಯೂಹಾನ್ ಎಡ್ವರ್ಡ್ ಲುಂಡ್‌ಸ್ಟ್ರೋಮ್ ಮತ್ತು ಕಾರ್ಲ್ ಫ್ರಾನ್ಸ್ ಲುಂಡ್‌ಸ್ಟ್ರೋಮ್ ಸೋದರರು ಆ ಉಪಾಯವನ್ನು ಸರಕಾಗಿ ಮಾಡಿದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಆರ್ಥರ್ ಆಲ್ಬ್ರೈಟ್ ಎಂಬ ತಯಾರಕರಿಂದ ಅವರಿಗೆ ಕೆಂಪು ರಂಜಕದ ಕಡ್ಡಿಗಳ ಮಾದರಿ ಸಿಕ್ಕಿತ್ತು. ಬಿಳಿ ರಂಜಕದ ಹಾಗೆ ಕೆಂಪು ರಂಜಕ ವಿಷಕಾರಿಯಲ್ಲ, ಗಾಳಿ ಸೋಕಿದ ಮಾತ್ರಕ್ಕೆ ಹೊತ್ತಿಕೊಳ್ಳುವುದೂ ಇಲ್ಲ. ತಮಾಷೆಯೆಂದರೆ, ಸೋದರರು ಆ ಮಾದರಿಯನ್ನು ಎಲ್ಲೋ ಇಟ್ಟು ಮರೆತುಬಿಟ್ಟರು ಎಂಬ ಕಥೆಯಿದೆ. 1855ರ ಪ್ಯಾರಿಸ್ ಪ್ರದರ್ಶನ ಹತ್ತಿರ ಬಂದಾಗ ಅದು ಮತ್ತೆ ಕೈಗೆ ಸಿಕ್ಕಿ, ಗೀರಿ ನೋಡಿದರೆ ಇನ್ನೂ ಚೆನ್ನಾಗಿಯೇ ಹೊತ್ತಿಕೊಂಡಿತಂತೆ. ಪ್ಯಾರಿಸ್ಸಿನಲ್ಲಿ ಅವರ ಕಡ್ಡಿಗೆ ಪದಕ ಬಂತು. 1858ರ ಹೊತ್ತಿಗೆ ಯೋನ್‌ಶೋಪಿಂಗ್ ವರ್ಷಕ್ಕೆ ಸುಮಾರು 1 ಕೋಟಿ 20 ಲಕ್ಷ ಪೆಟ್ಟಿಗೆಗಳನ್ನು ತಯಾರಿಸುತ್ತಿತ್ತು.

ಗೀರುವ ಆ ಒಂದು ಕ್ಷಣವನ್ನು ಹತ್ತಿರದಿಂದ ನೋಡೋಣ. ಕಡ್ಡಿಯ ತುದಿಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್, ಸ್ವಲ್ಪ ಗಂಧಕ, ಗಾಜಿನ ಪುಡಿ, ಇವೆಲ್ಲವನ್ನೂ ಹಿಡಿದಿಡುವ ಅಂಟು ಇರುತ್ತವೆ. ಪೊಟ್ಟಣದ ಪಟ್ಟಿಯಲ್ಲಿ ಕೆಂಪು ರಂಜಕ, ಗಾಜಿನ ಪುಡಿ ಮತ್ತು ಅಂಟು ಇರುತ್ತವೆ. ತುದಿ ಪಟ್ಟಿಯ ಮೇಲೆ ಜಾರಿದಾಗ ಗಾಜಿನ ಚೂರುಗಳು ಒಂದನ್ನೊಂದು ಉಜ್ಜಿ ಶಾಖ ಹುಟ್ಟುತ್ತದೆ; ಆ ಶಾಖಕ್ಕೆ ಕಣದಷ್ಟು ಕೆಂಪು ರಂಜಕ ರೂಪ ಬದಲಿಸಿ ಬಿಳಿ ರಂಜಕದ ಆವಿಯಾಗಿ ಹೊತ್ತಿಕೊಳ್ಳುತ್ತದೆ. ಕಾರ್ಖಾನೆಯಿಂದ ಹೊರಗಟ್ಟಿದ ವಿಷವೇ ಕ್ಷಣದ ಸಾವಿರದೊಂದು ಪಾಲಿನಷ್ಟು ಹೊತ್ತು ಹುಟ್ಟಿ ಉರಿದುಹೋಗುತ್ತದೆ ಎನ್ನಬಹುದು. ಈ ಕಿಡಿಯ ಬಿಸಿಗೆ ಕ್ಲೋರೇಟ್ ಒಡೆದು ಆಮ್ಲಜನಕವನ್ನು ಬಿಡುತ್ತದೆ, ಗಂಧಕ ಉರಿಯುತ್ತದೆ, ಮೂಗಿಗೆ ಬಡಿಯುವ ಆ ಘಾಟು ಬರುತ್ತದೆ. ತುದಿಯ ಜ್ವಾಲೆ ಆರುವ ಮುನ್ನ ಮರಕ್ಕೆ ದಾಟಬೇಕಾದ್ದರಿಂದ ಕಡ್ಡಿಯ ಮೇಲ್ಭಾಗವನ್ನು ಪ್ಯಾರಾಫಿನ್ ಮೇಣದಲ್ಲಿ ಅದ್ದಿರುತ್ತಾರೆ. ಊದಿ ಆರಿಸಿದ ಮೇಲೆ ಕೆಂಡವಾಗಿ ಕನಲುತ್ತ ಉಳಿಯದಿರಲೆಂದು ಮರವನ್ನು ಮೊದಲೇ ಅಮೋನಿಯಂ ಫಾಸ್ಫೇಟಿನ ದ್ರಾವಣದಲ್ಲಿ ನೆನೆಸಿರುತ್ತಾರೆ.

ಪೆಟ್ಟಿಗೆಯೂ ಕಡ್ಡಿಯೂ ಒಂದೇ ಮರದ ಮಕ್ಕಳಾಗಿದ್ದವು. ಆಸ್ಪೆನ್ ಮರದ ದಿಮ್ಮಿಯನ್ನು ತಿರುಗಿಸುತ್ತ ಉದ್ದ ಅಲಗಿನಿಂದ ಹಾಳೆಯಂತೆ ಸುಲಿದು, ದಪ್ಪ ಹಾಳೆಯಿಂದ ಕಡ್ಡಿಗಳನ್ನೂ ತೆಳು ಹಾಳೆಯಿಂದ ಪೆಟ್ಟಿಗೆಯನ್ನೂ ಮಾಡುತ್ತಿದ್ದರು. ತೆಳು ಹಾಳೆಯ ಮೇಲೆ ಮಡಿಕೆಗೆ ಗೀರು ಹಾಕಿ, ಬಾಗಿಸಿ, ಮೇಲೆ ಕಾಗದ ಸುತ್ತಿ ಅಂಟಿಸಿದರೆ ಹೊರಕವಚ. ಅದೇ ರೀತಿಯಲ್ಲಿ ತಳ ಸೇರಿಸಿದರೆ ಒಳಗೆ ಜಾರುವ ಖಾನೆ. ಯಂತ್ರಗಳು ಬರುವ ಮೊದಲು ಈ ಅಂಟಿಸುವ ಕೆಲಸ ಯೋನ್‌ಶೋಪಿಂಗಿನ ಬಡ ಮನೆಗಳ ಹೆಂಗಸರು, ಮಕ್ಕಳ ಪಾಲಿಗೆ ಬಂದಿತ್ತು. ಅಲೆಕ್ಸಾಂಡರ್ ಲಾಗರ್‌ಮನ್ ಎಂಬ ಪ್ರತಿಭಾವಂತ ಯಂತ್ರಶಿಲ್ಪಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಮದ್ದು ಅದ್ದುವುದರಿಂದ ಹಿಡಿದು ಪೆಟ್ಟಿಗೆ ತುಂಬುವವರೆಗಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರು. ಪೆಟ್ಟಿಗೆಯ ಅಳತೆ ಒಂದೇ ಸಮ ಆದದ್ದು ಹಾಗೆ. ಚಿತ್ರ ಬರೆಯುವವನಿಗೆ ಸಿಕ್ಕುವ ಚೌಕಟ್ಟು ಕೂಡ ಅಲ್ಲಿಗೇ ನಿಗದಿಯಾಯಿತು.

ಮೊದಲ ಕಾಲದ ಯೋನ್‌ಶೋಪಿಂಗ್ ಲೇಬಲ್ಲಿನಲ್ಲಿ ಚಿತ್ರವೆಂದು ಹೇಳುವಂಥದ್ದೇನೂ ಇರಲಿಲ್ಲ. ಪ್ರದರ್ಶನಗಳಲ್ಲಿ ಗೆದ್ದ ಪದಕಗಳು, ನಡುವೆ ಊರಿನ ಹೆಸರು, ಸುತ್ತ ಒತ್ತಾಗಿ ಅಕ್ಷರ. ಇಂದಿನ ಕಣ್ಣಿಗೆ ಅದು ಅಂಗಡಿಯ ಬಿಲ್ಲಿನಂತೆ ಕಾಣಬಹುದು, ಆದರೆ ಅಲ್ಲಿನ ಒಂದೊಂದು ಮಾತಿಗೂ ಕೆಲಸವಿತ್ತು. ‘ಪೆಟ್ಟಿಗೆಯ ಪಟ್ಟಿಯ ಮೇಲೆ ಮಾತ್ರ ಹೊತ್ತಿಸಿ’ ಎಂಬರ್ಥದ ಸ್ವೀಡಿಷ್ ಸಾಲು ಗ್ರಾಹಕರಿಗೆ ಪಾಠ ಹೇಳುತ್ತಿತ್ತು. ಎಲ್ಲಿ ಗೀರಿದರೂ ಹೊತ್ತುವ ಕಡ್ಡಿಗೆ ಒಗ್ಗಿಹೋಗಿದ್ದ ಜನ ಇದನ್ನು ಬೂಟಿಗೆ ಉಜ್ಜಿ ನೋಡಿ, ಸರಕು ಕೆಟ್ಟಿದೆಯೆಂದು ದೂರುವ ಸಾಧ್ಯತೆ ಇದ್ದೇ ಇತ್ತು. ಇನ್ನೊಂದು ಸಾಲು ‘ಉತಾನ್ ಸ್ವಾಫ್ವೆಲ್ ಓಕ್ ಫೋಸ್ಫೋರ್’, ಎಂದರೆ ‘ಗಂಧಕವಿಲ್ಲದ, ರಂಜಕವಿಲ್ಲದ’ ಕಡ್ಡಿ. ಹಳೆಯ ಕಡ್ಡಿಗಳ ಮರವನ್ನು ಮೇಣದ ಬದಲು ಕರಗಿದ ಗಂಧಕದಲ್ಲಿ ಅದ್ದುತ್ತಿದ್ದರು, ಅದರ ದುರ್ವಾಸನೆಯೂ ರಂಜಕದ ವಿಷವೂ ಇಲ್ಲಿಲ್ಲ ಎಂಬುದು ಈ ಸಾಲಿನ ಭರವಸೆ. ಅಕ್ಷರಶಃ ನೋಡಿದರೆ ಇದು ಅರ್ಧ ಸತ್ಯ. ರಂಜಕ ಎಲ್ಲಿಗೂ ಹೋಗಿರಲಿಲ್ಲ, ಕಡ್ಡಿಯ ತುದಿಯನ್ನು ಬಿಟ್ಟು ಆ ಸಾಲು ಅಚ್ಚಾದ ಪೆಟ್ಟಿಗೆಯ ಬದಿಗೇ ಬಂದು ಕೂತಿತ್ತು.

ಆ ಸಾಲಿನಲ್ಲಿ ಇನ್ನೊಂದು ಸಂಗತಿ ಅಡಗಿದೆ. 1906ರಲ್ಲಿ ಸ್ವೀಡಿಷ್ ಕಾಗುಣಿತವನ್ನು ಸರಳಗೊಳಿಸಿದಾಗ ಗಂಧಕವೆಂಬ ಪದದ ಹಳೆಯ ಬರವಣಿಗೆಯಲ್ಲಿದ್ದ ಒಂದು ಹೆಚ್ಚಿನ ಅಕ್ಷರ ಬಿದ್ದುಹೋಯಿತು. ಶಾಲೆಯ ಪುಸ್ತಕಗಳು ಬದಲಾದವು, ಪತ್ರಿಕೆಗಳು ಬದಲಾದವು, ಕಡ್ಡಿಪೆಟ್ಟಿಗೆ ಮಾತ್ರ ಹಳೆಯ ಕಾಗುಣಿತವನ್ನೇ ಹಿಡಿದು ಕೂತಿತು. ತಯಾರಕರ ದೃಷ್ಟಿಯಲ್ಲಿ ಇದು ವಿವೇಕದ ನಡೆ. ಯೋನ್‌ಶೋಪಿಂಗಿನ ಕಡ್ಡಿ ದೂರದ ಬಂದರುಗಳಿಗೆ ಹೋಗುತ್ತಿತ್ತು. ಅಲ್ಲಿ ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಸ್ವೀಡಿಷ್ ಓದಲು ಬರುತ್ತಿರಲಿಲ್ಲ. ಅವರು ಲೇಬಲ್ಲನ್ನು ಒಂದು ಮುಖದಂತೆ ಗುರುತು ಹಿಡಿಯುತ್ತಿದ್ದರು, ಮುಖದ ಮೇಲಿನ ಮಚ್ಚೆ ಕೂಡ ಗುರುತಿನ ಭಾಗವೇ ಆಗಿರುತ್ತದೆ. ಇದನ್ನು ನಕಲು ಮಾಡುವವರೂ ಚೆನ್ನಾಗಿ ಅರಿತಿದ್ದರು. ಜಪಾನ್ ಮೊದಲಾದ ಕಡೆ ತಯಾರಾದ ಪೆಟ್ಟಿಗೆಗಳ ಮೇಲೂ ಸ್ವೀಡಿಷ್ ಶೈಲಿಯ ಪದಕಗಳು, ಸ್ವೀಡಿಷ್‌ನಂತೆ ಕಾಣುವ ಅಕ್ಷರಗಳು ಬಂದವು. 1887ರಷ್ಟು ಹಿಂದಿನ ‘ಮೂರು ನಕ್ಷತ್ರ’ದಂಥ ಗುರುತುಗಳು ಹುಟ್ಟಿಕೊಂಡದ್ದು ಇಂಥ ಕಾಲದಲ್ಲಿ. ಓದು ಬಾರದವರೂ ಅಂಗಡಿಯಲ್ಲಿ ಮೂರು ಬೆರಳೆತ್ತಿ ಕೇಳಬಹುದಾದ ಗುರುತು ಅದು.

ಆಮೇಲಿನದು ಹಣಕಾಸಿನ ಕಥೆ, ಬೇಗ ಹೇಳಿ ಮುಗಿಸಬಹುದು. 1868ರಲ್ಲಿ ಟೀಡಾಹೋಲ್ಮ್ ಪಟ್ಟಣದಲ್ಲಿ ಶುರುವಾದ ವುಲ್ಕಾನ್ ಕಾರ್ಖಾನೆ 1903ರಲ್ಲಿ ಯೋನ್‌ಶೋಪಿಂಗಿನ ಕಂಪನಿಯೊಡನೆ ಒಂದಾಯಿತು. 1917ರಲ್ಲಿ ಸ್ವೀಡನ್ನಿನ ಉದ್ಯಮಿ ಐವಾರ್ ಕ್ರೂಗರ್ ಅದನ್ನೂ ತಮ್ಮ ಕಾರ್ಖಾನೆಗಳನ್ನೂ ಸೇರಿಸಿ ಸ್ವೀಡಿಷ್ ಮ್ಯಾಚ್ ಕಂಪನಿಯನ್ನು ಕಟ್ಟಿದರು. ಮೊದಲ ಮಹಾಯುದ್ಧದ ನಂತರ ಹಣವಿಲ್ಲದೆ ಕಂಗೆಟ್ಟಿದ್ದ ಸರ್ಕಾರಗಳಿಗೆ ಸಾಲ ಕೊಟ್ಟು, ಬದಲಿಗೆ ಆ ದೇಶದ ಕಡ್ಡಿ ವ್ಯಾಪಾರದ ಏಕಸ್ವಾಮ್ಯವನ್ನೋ ರಿಯಾಯಿತಿಯನ್ನೋ ಪಡೆಯುವುದು ಅವರ ವರಸೆ. 1927ರಲ್ಲಿ ಫ್ರಾನ್ಸಿಗೆ 7.5 ಕೋಟಿ ಡಾಲರ್, 1929ರಲ್ಲಿ ಜರ್ಮನಿಗೆ 12.5 ಕೋಟಿ ಡಾಲರ್ ಸಾಲದ ಒಪ್ಪಂದಗಳಾದವು. ನಮ್ಮ ಹಿರಿಯರಿಗೆ ಪರಿಚಿತವಾದ ವಿಮ್ಕೊ, ಅಂದರೆ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿ, 1923ರಲ್ಲಿ ಶುರುವಾದದ್ದೂ ಈ ಸ್ವೀಡಿಷ್ ಸಾಮ್ರಾಜ್ಯದ ಕೊಂಬೆಯಾಗಿಯೇ. 1932ರ ಮಾರ್ಚ್ 12ರಂದು ಕ್ರೂಗರ್ ಪ್ಯಾರಿಸ್ಸಿನ ತಮ್ಮ ಮನೆಯಲ್ಲಿ ಗುಂಡೇಟಿನಿಂದ ಸತ್ತು ಬಿದ್ದಿದ್ದರು. ಲೆಕ್ಕ ತೆಗೆದು ನೋಡಿದಾಗ ಖೋಟಾ ಇಟಾಲಿಯನ್ ಸಾಲಪತ್ರಗಳವರೆಗೆ ಮೋಸ ಬಯಲಾಯಿತು, ಸ್ವೀಡನ್ನಿನ ಎಷ್ಟೋ ಸಾಮಾನ್ಯ ಕುಟುಂಬಗಳ ಉಳಿತಾಯ ಮುಳುಗಿತು. ಕಡ್ಡಿ ಕಂಪನಿ ಮಾತ್ರ ಉಳಿದುಕೊಂಡಿತು.

ಸೋಲ್‌ಸ್ಟಿಕ್ಕನ್ ಪೆಟ್ಟಿಗೆ ಬಂದದ್ದು ಇದಾಗಿ ನಾಲ್ಕು ವರ್ಷಕ್ಕೆ, 1936ರಲ್ಲಿ. ಸ್ವೀಡಿಷ್‌ನಲ್ಲಿ ‘ಸೋಲ್’ ಎಂದರೆ ಸೂರ್ಯ, ‘ಸ್ಟಿಕ್ಕ’ ಎಂದರೆ ಕಡ್ಡಿ. ಹೆಸರನ್ನು ಕನ್ನಡಕ್ಕೆ ತಂದರೆ ಸೂರ್ಯಕಡ್ಡಿ ಎಂದಾಗುತ್ತದೆ. ಅದೇ ವರ್ಷ ಅದೇ ಹೆಸರಿನ ಒಂದು ದತ್ತಿಸಂಸ್ಥೆಯೂ ಸ್ಥಾಪನೆಯಾಯಿತು, ಪೆಟ್ಟಿಗೆಯ ಮಾರಾಟದಿಂದ ಬರುವ ಹಣದಲ್ಲಿ ಒಂದು ಪಾಲು ಮಕ್ಕಳ ಮತ್ತು ವೃದ್ಧರ ನೆರವಿಗೆ ಹೋಗತೊಡಗಿತು. ಕಂಪನಿಯ ಹೆಸರಿಗೆ ಅಂಟಿದ್ದ ಮಸಿಯನ್ನು ತೊಳೆಯಲು ಇದನ್ನು ಮಾಡಿದರೆಂದು ನಾನು ಹೇಳಹೊರಟಿಲ್ಲ. ಆದರೆ ಸಾಲಪತ್ರಗಳ ಹಗರಣವನ್ನು ಕಂಡ ಊರಿಗೆ, ಪ್ರತಿ ಕಡ್ಡಿಪೆಟ್ಟಿಗೆಯೂ ಒಂದು ಚಿಕ್ಕ ದಾನ ಎಂಬ ವಿಚಾರ ಹಿತವಾಗಿ ಕೇಳಿಸಿರಬೇಕು. ಪ್ರಧಾನಿ ಪೇರ್ ಆಲ್ಬಿನ್ ಹಾನ್ಸನ್ ದೇಶವನ್ನು ಒಂದು ಒಳ್ಳೆಯ ಮನೆಗೆ ಹೋಲಿಸಿ, ಅಲ್ಲಿ ಯಾರೂ ಮಲಮಕ್ಕಳಾಗಿರಬಾರದು ಎನ್ನುತ್ತಿದ್ದ ಕಾಲವೂ ಅದೇ.

ಲೇಬಲ್ಲಿನ ಚಿತ್ರವನ್ನು ಬರೆದವರು ಐನಾರ್ ನೆರ್ಮಾನ್. 1888ರಲ್ಲಿ ನೋರ್ಶೋಪಿಂಗ್ ನಗರದಲ್ಲಿ ಹುಟ್ಟಿದ ಇವರ ಅವಳಿ ಸೋದರ ಬಿರ್ಗೆರ್ ಪುರಾತತ್ವ ವಿದ್ವಾಂಸರು, ಅಣ್ಣ ತೂರೆ ಎಡಪಂಥೀಯ ರಾಜಕಾರಣಿ ಮತ್ತು ಬರಹಗಾರರು. ಐನಾರ್ ಪ್ಯಾರಿಸ್ಸಿನಲ್ಲಿ ಹೆನ್ರಿ ಮಾತೀಸ್ ನಡೆಸುತ್ತಿದ್ದ ಚಿತ್ರಶಾಲೆಯಲ್ಲಿ ಕಲಿತರು, ಲಂಡನ್ನಿನ ಟ್ಯಾಟ್ಲರ್ ಪತ್ರಿಕೆಗೆ ರಂಗಭೂಮಿಯ ನಟನಟಿಯರ ವ್ಯಂಗ್ಯಚಿತ್ರಗಳನ್ನು ಬರೆದರು, ಮುಂದೆ ಅಮೆರಿಕದಲ್ಲಿದ್ದಾಗ ಗ್ರೇಟಾ ಗಾರ್ಬೊರಂಥ ತಾರೆಯರನ್ನೂ ಗೆರೆಗಳಲ್ಲಿ ಹಿಡಿದರು. ಈ ಹಿನ್ನೆಲೆ ಕಡ್ಡಿಪೆಟ್ಟಿಗೆಗೆ ಎಷ್ಟು ಒಪ್ಪುತ್ತದೆ ಎಂಬುದನ್ನು ಗಮನಿಸಬೇಕು. ರಂಗದ ಮೇಲಿನ ನಟನನ್ನು ಪತ್ರಿಕೆಯ ಮೂಲೆಯಲ್ಲಿ ಹಿಡಿಸುವವನಿಗೆ ಎರಡು ಶಿಸ್ತು ಬೇಕು. ಯಾವ ಗೆರೆಯನ್ನು ಬಿಟ್ಟರೂ ಆಳಿನ ಗುರುತು ಉಳಿಯುತ್ತದೆ ಎಂಬುದು ಗೊತ್ತಿರಬೇಕು, ಅಗ್ಗದ ಕಾಗದದ ಮೇಲೆ ಅವಸರದಲ್ಲಿ ಅಚ್ಚು ಹಾಕಿದರೂ ಕಲಸಿಹೋಗದಂತೆ ಬರೆಯಬೇಕು. ಕಡ್ಡಿಪೆಟ್ಟಿಗೆಯ ಲೇಬಲ್ಲು ಕೇಳುವುದೂ ಇವೆರಡನ್ನೇ.

ನೆರ್ಮಾನ್ ಬರೆದದ್ದು ಬಿಸಿಲಿನಲ್ಲಿ ನಡೆಯುತ್ತಿರುವ ಒಂದು ಬರಿಮೈ ಮಗು. ಸೂರ್ಯ, ಅದರ ಕಿರಣ, ಮಗು, ಮಗುವಿನ ಹಿಂದೆ ನೀಳವಾಗಿ ಚಾಚಿದ ನೆರಳು, ಹೆಚ್ಚುಕಡಿಮೆ ಇಷ್ಟೇ. ಬಣ್ಣಗಳು ಚಪ್ಪಟೆಯಾಗಿವೆ, ಒಂದರೊಳಗೊಂದು ಕರಗುವುದಿಲ್ಲ. ಬೆಂಕಿಯ ಸರಕಿನ ಮೇಲೆ ಬೆಂಕಿಯ ಚಿತ್ರವೇ ಇಲ್ಲ ಎಂಬುದು ನನಗೆ ಇಲ್ಲಿ ಬಹಳ ಹಿಡಿಸಿದ ಸಂಗತಿ. ಜ್ವಾಲೆಯ ಬದಲು ಸೂರ್ಯನಿದ್ದಾನೆ, ಸುಡುವ ಬಿಸಿಯ ಬದಲು ಮೈಕಾಯಿಸುವ ಬಿಸಿಲಿದೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ನಾಡಿನ ಅಡುಗೆಮನೆಯಲ್ಲಿ ದೀಪ ಹಚ್ಚಲು ಕೈ ಚಾಚುವವರಿಗೆ ಈ ಚಿತ್ರ ಏನನ್ನು ಹೇಳುತ್ತಿತ್ತು ಎಂಬುದನ್ನು ವಿವರಿಸಬೇಕಾಗಿಲ್ಲ. ನೆರಳಿನ ಪಾತ್ರವೂ ಸಣ್ಣದಲ್ಲ. ಇಷ್ಟು ಚಿಕ್ಕ ಚೌಕಟ್ಟಿನಲ್ಲಿ ಬೆಳಕು ಎಷ್ಟು ಪ್ರಖರವಾಗಿದೆ ಎಂದು ತೋರಿಸಲು ಹಳದಿಯನ್ನು ಎಷ್ಟು ಬಳಿದರೂ ಸಾಲದು. ಒಂದು ಉದ್ದ ನೆರಳು ಆ ಕೆಲಸವನ್ನು ಒಂದೇ ಏಟಿಗೆ ಮಾಡುತ್ತದೆ, ಜೊತೆಗೆ ಮಗುವಿನ ಕಾಲನ್ನು ನೆಲಕ್ಕೆ ಊರುತ್ತದೆ.

ಮಗುವಿನ ಮೈಮೇಲೆ ಬಟ್ಟೆಯಿಲ್ಲದಿರುವುದರಿಂದ ಅದು ಯಾವ ದಶಕದ ಮಗು, ಯಾವ ಮನೆತನದ ಮಗು ಎಂದು ಹೇಳಲಾಗದು. ಹೋಲಿಕೆಗೆ ಆಸ್ಟ್ರೇಲಿಯದ ರೆಡ್‌ಹೆಡ್ಸ್ ಪೆಟ್ಟಿಗೆಯನ್ನು ನೋಡಬಹುದು. ಬ್ರಯಂಟ್ ಅಂಡ್ ಮೇ 1946ರಲ್ಲಿ ಮಾರುಕಟ್ಟೆಗೆ ತಂದ ಆ ಕಡ್ಡಿಯ ತುದಿ ಕೆಂಪು; ಇಂಗ್ಲಿಷಿನಲ್ಲಿ ‘ರೆಡ್‌ಹೆಡ್’ ಎಂದರೆ ಕೆಂಪು ತಲೆಯೂ ಹೌದು, ಕೆಂಗೂದಲಿನವರೂ ಹೌದು, ಆ ಶ್ಲೇಷೆಯನ್ನು ಹಿಡಿದು ಪೆಟ್ಟಿಗೆಯ ಮೇಲೆ ಕೆಂಗೂದಲ ಹೆಣ್ಣಿನ ಮುಖ ಬಂತು. ಚೆಲುವಾದ, ಚುರುಕಾದ ಉಪಾಯ. ಆದರೆ ಕೇಶಶೈಲಿಗೆ ವಯಸ್ಸಾಗುತ್ತದೆ, ಆದ್ದರಿಂದ ಆ ಮುಖವನ್ನು ಕಾಲಕಾಲಕ್ಕೆ ತಿದ್ದಬೇಕಾಯಿತು. ಸೋಲ್‌ಸ್ಟಿಕ್ಕನ್ ಮಗುವಿಗೆ ತಿದ್ದಲು ಬಟ್ಟೆಯೂ ಇಲ್ಲ, ತಲೆಬಾಚಣಿಗೆಯ ಚಿಂತೆಯೂ ಇಲ್ಲ.

ಚಿತ್ರ ಹಾಗೆಯೇ ಉಳಿಯಿತು, ಅದರ ಕೆಳಗಿನ ಪೆಟ್ಟಿಗೆ ಬದಲಾಯಿತು. ಮರದ ತೆಳು ಹಾಳೆಯ ಜಾಗಕ್ಕೆ ರಟ್ಟು ಬಂತು. ಮರದ ಪೆಟ್ಟಿಗೆಗೆ ಬೇರೆಯಾಗಿ ಅಚ್ಚಾದ ಲೇಬಲ್ಲನ್ನು ಅಂಟಿಸಬೇಕಿತ್ತು. ರಟ್ಟಿನ ಮೇಲೆ ಚಿತ್ರವನ್ನು ನೇರವಾಗಿ ಅಚ್ಚು ಹಾಕಿ, ಆಮೇಲೆ ಕತ್ತರಿಸಿ ಮಡಚಬಹುದು. ಲೇಬಲ್ಲು ಸಂಗ್ರಹಿಸುವ ಹವ್ಯಾಸಿಗಳಿಗೆ ಇದು ಸಣ್ಣ ದುಃಖ. ನೀರಿನಲ್ಲಿ ನೆನೆಹಾಕಿ ನಾಜೂಕಾಗಿ ಬಿಡಿಸಿಕೊಳ್ಳುವ ಕಾಗದದ ಚೀಟಿಯೇ ಇಲ್ಲವಾಗಿ, ಅವರು ರಟ್ಟನ್ನು ಕತ್ತರಿಸಬೇಕಾಯಿತು. ರಂಜಕದ ಪಟ್ಟಿ ಮಾತ್ರ ಬದಿಯಲ್ಲಿ ತನ್ನ ಜಾಗ ಬಿಡಲಿಲ್ಲ, ಚಿತ್ರ ಎಂದಿನಂತೆ ಮೇಲ್ಮೈಯಲ್ಲಿ. ಕೈಯಲ್ಲಿ ಹಿಡಿದು ಗೀರುವಾಗ ಹೆಬ್ಬೆರಳು ಒತ್ತುವುದು ಸಾಮಾನ್ಯವಾಗಿ ಮಗುವಿನ ಮೇಲೆಯೇ.

ಯೋನ್‌ಶೋಪಿಂಗಿನ ಹಳೆಯ ಕಾರ್ಖಾನೆಯ ಕಟ್ಟಡದಲ್ಲಿ ಈಗ ಬೆಂಕಿಕಡ್ಡಿಯ ವಸ್ತುಸಂಗ್ರಹಾಲಯವಿದೆ. ಸ್ವೀಡನ್ನಿನ ಕಡ್ಡಿ ತಯಾರಿಕೆ ಟೀಡಾಹೋಲ್ಮಿನಲ್ಲಿ ಮುಂದುವರಿಯಿತು. ವಿದ್ಯುತ್ ಒಲೆ, ಲೈಟರುಗಳು ಬಂದ ಮೇಲೆ ಅಲ್ಲಿನ ಮನೆಗಳಲ್ಲಿ ಕಡ್ಡಿಗೆ ಉಳಿದ ಕೆಲಸವೆಂದರೆ ಮುಖ್ಯವಾಗಿ ಡಿಸೆಂಬರಿನ ಮೇಣದಬತ್ತಿಗಳು ಮತ್ತು ಚಳಿಕಾಯಿಸುವ ಅಗ್ಗಿಷ್ಟಿಕೆ. ಒಂದು ಪೆಟ್ಟಿಗೆಯಿಂದ ದತ್ತಿಗೆ ಬರುವ ಪಾಲು ಅತ್ಯಲ್ಪ, ಲಕ್ಷಗಟ್ಟಲೆ ಪೆಟ್ಟಿಗೆ ಮಾರಿದರೆ ಮಾತ್ರ ಅದು ಹಣವೆನಿಸಿಕೊಳ್ಳುತ್ತದೆ. ನೆರ್ಮಾನ್ 1983ರಲ್ಲಿ ತೀರಿಕೊಂಡರು. ಅವರ ಮಗು ಈಗ ಚಹಾ ತರುವ ಟ್ರೇ, ಪಾತ್ರೆ ಒರೆಸುವ ಬಟ್ಟೆಗಳ ಮೇಲೂ ಅಚ್ಚಾಗಿ ಮಾರಾಟವಾಗುತ್ತದೆ, ಆ ಹಣದ ಪಾಲೂ ಅದೇ ದತ್ತಿಗೆ ಸೇರುತ್ತದೆ. ರಂಜಕದ ಪಟ್ಟಿಯ ಬಲದಿಂದ ಅಡುಗೆಮನೆಗೆ ಬಂದು ನೆಲೆಸಿದ ಚಿತ್ರ, ಗೀರಲು ಏನೂ ಇಲ್ಲದ ಟ್ರೇಯ ಮೇಲೂ ಅದೇ ಅಡುಗೆಮನೆಯಲ್ಲಿದೆ.